ಜೀವಕೋಶಗಳ ಅಧ್ಯಕ್ಷ

ಬೆಳಿಗ್ಗೆ ಯಾಂಗ್ ತೇಸಿಕ್ ತನ್ನ ಪ್ರಯೋಗಾಲಯದ ಬೀಗ ತೆಗೆಯಲು ಬಂದರೆ ಬಾಗಿಲೇ ಕಾಣಲಿಲ್ಲ. ಅದರ ಮುಂದೆ ಅವನಿಗಿಂತ ಎತ್ತರದ, ಮೂರಂತಸ್ತಿನ ಹೂಗೋಪುರವೊಂದು ಗಂಡಿನ ಕಡೆಯ ಬೀಗರ ಹಾಗೆ ಠೀವಿಯಿಂದ ನಿಂತಿತ್ತು. ಎರಡೂ ಪಕ್ಕಕ್ಕೆ ಅಗಲವಾದ ರಿಬ್ಬನ್ನು ಇಳಿಬಿಟ್ಟಿದ್ದರು. ಒಂದರ ಮೇಲೆ ಹೂ ಕಳಿಸಿದ ಕಂಪನಿಯ ಹೆಸರು. ಇನ್ನೊಂದರ ಮೇಲೆ, ‘ಜೀವಕೋಶ ವಿಶ್ಲೇಷಕರ ಸಂಘದ ಅಧ್ಯಕ್ಷರಾಗಿ ಆಯ್ಕೆಯಾದ ಡಾ. ಯಾಂಗ್ ತೇಸಿಕ್ ಅವರಿಗೆ ಅಭಿನಂದನೆಗಳು.’

“ಇದು ನನಗಲ್ಲಪ್ಪ” ಎಂದ ತೇಸಿಕ್, ಹೂವಿನ ಹಿಂದಿನಿಂದ ಬೆವರೊರೆಸಿಕೊಳ್ಳುತ್ತ ಹೊರಬಂದ ಆಳಿಗೆ.

“ನಿಮ್ಮ ಹೆಸರು ಯಾಂಗ್ ತೇಸಿಕ್ ತಾನೆ?”

“ಹೌದು, ಆದ್ರೆ...”

“ಇದು ಜೊಂಜು ಊರು ತಾನೆ?”

“ಹೌದಪ್ಪ, ಆದ್ರೆ ಆ ಯಾಂಗ್ ತೇಸಿಕ್ ಬೇರೆ. ಅವ್ರು ಸಿಯೋಲ್‌ನಲ್ಲಿದಾರೆ.”

“ನೋಡಿ ಸಾರ್, ನಾನು ಹೂವು ಇಳಿಸೋನು. ಇಳಿಸಿದ್ದನ್ನ ಮತ್ತೆ ಹೊತ್ಕೊಂಡು ಸಿಯೋಲ್‌ಗೆ ಹೋಗೋನಲ್ಲ. ಇಲ್ಲೊಂದು ಸಹಿ ಹಾಕಿ.”

ತೇಸಿಕ್ ಸಹಿ ಹಾಕಿದ. ಯಾರಾದರೂ ಗಟ್ಟಿ ದನಿಯಲ್ಲಿ ಹೇಳಿದರೆ ಸಹಿ ಹಾಕಿಬಿಡುವುದು ಅವನ ಜಾಯಮಾನ.

ವಿಷಯ ಇಷ್ಟೇ. ಆ ದೇಶದಲ್ಲಿ ಜೀವಕೋಶ ಎಣಿಸುವ ಯಾಂಗ್ ತೇಸಿಕ್‌ಗಳು ಇಬ್ಬರಿದ್ದರು. ಒಬ್ಬರು ಸಿಯೋಲ್‌ನ ಪ್ರೊಫೆಸರ್. ಬೆಳ್ಳಿಕೂದಲು, ಗುಡುಗಿನಂಥ ಕಂಠ, ಟೀವಿಯಲ್ಲಿ ಆಗಾಗ ಬಂದು ರಕ್ತದ ವಿಚಾರ ಹೇಳಿ ಜನರ ನಿದ್ದೆ ಕೆಡಿಸುವವರು. ಇನ್ನೊಬ್ಬ ನಮ್ಮವನು. ಜೊಂಜುವಿನ ಒಂದು ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕೂತು, ಜೀವಕೋಶಗಳನ್ನು ಒಂದೊಂದಾಗಿ ಬೆಳಕಿನ ಮುಂದೆ ಓಡಿಸಿ ಜಾತಿವಾರು ಬೇರೆ ಮಾಡುವ ಯಂತ್ರವನ್ನು ನೋಡಿಕೊಳ್ಳುವವನು. ಹಬ್ಬಕ್ಕೆ ದೊಡ್ಡ ಯಾಂಗ್ ತೇಸಿಕ್‌ಗೆ ಬಂದ ಪೇರ್ ಹಣ್ಣಿನ ಪೆಟ್ಟಿಗೆ ಈ ಚಿಕ್ಕ ಯಾಂಗ್ ತೇಸಿಕ್‌ನ ಮನೆಗೆ ಬರುವುದು, ಇವನ ಹೆಂಡತಿ ಮಿಹ್ಯಾಂಗ್ ಅದರಲ್ಲೊಂದನ್ನು ಸುಲಿದ ಮೇಲೆ ವಿಳಾಸ ನೋಡುವುದು, ಇವನು ಅಂಥದ್ದೇ ಒಂದು ಹಣ್ಣು ಹುಡುಕಿಕೊಂಡು ಪೇಟೆಯೆಲ್ಲ ಅಲೆಯುವುದು, ಇದೆಲ್ಲ ವರ್ಷಾವರ್ಷ ನಡೆದೇ ಇತ್ತು. ಒಮ್ಮೆ ಸಿಯೋಲ್‌ನ ಸಮ್ಮೇಳನದಲ್ಲಂತೂ ಇವನ ಕೋಟಿಗೆ ಗುಲಾಬಿ ಚುಚ್ಚಿ ಮೊದಲ ಸಾಲಿನಲ್ಲಿ ಕೂರಿಸಿ, ದೊಡ್ಡವರು ಬಂದ ತಕ್ಷಣ, ಇಡೀ ಸಭೆ ನೋಡುತ್ತಿರುವಾಗಲೇ, ಗುಲಾಬಿ ಕಿತ್ತು ಅವರಿಗೆ ಚುಚ್ಚಿದ್ದರು. ಅಂದಿನಿಂದ ಸಂಘದ ಸಭೆ ಎಂದರೆ ಇವನ ಯಂತ್ರದ ಮೂತಿ ಸರಿಯಾಗಿ ಅದೇ ದಿನ ಕಟ್ಟಿಕೊಳ್ಳುತ್ತಿತ್ತು, ಇವನು ಹೋಗುವುದು ತಪ್ಪುತ್ತಿತ್ತು.

ನಿನ್ನೆ ಸಂಜೆಯೂ ಕಟ್ಟಿಕೊಂಡಿತ್ತು. ದೇಜೊನ್‌ನಲ್ಲಿ ಹೊಸ ಅಧ್ಯಕ್ಷರ ಆಯ್ಕೆ. ಸಿಯೋಲ್‌ನ ಯಾಂಗ್‌ಗೂ ಬುಸಾನ್‌ನ ಪ್ರೊಫೆಸರ್ ಬೊಕ್‌ಗೂ ನೇರ ಪೈಪೋಟಿ ಎಂದು ಎಲ್ಲರಿಗೂ ಗೊತ್ತಿತ್ತು. ದೊಡ್ಡ ಯಾಂಗ್ ಗೆದ್ದಿದ್ದಾರೆ, ಹೂವು ದಾರಿ ತಪ್ಪಿದೆ. ಇದರಲ್ಲಿ ಆಶ್ಚರ್ಯವೇನಿದೆ?

ಆದರೆ ಅಷ್ಟರಲ್ಲಿ ಸ್ಯಾಂಪಲ್ಲು ತೆಗೆದುಕೊಳ್ಳುವ ಕಿಟಕಿಯ ತಾಕ್ ಯೊಂಗ್ಜು ಬಂದಿದ್ದಳು. ಐವತ್ತರ ಹೆಂಗಸು, ಬಾಯಿ ಒಂದು, ಕಿವಿ ನಾಲ್ಕು. ರಿಬ್ಬನ್ನು ಓದಿದವಳೇ ಕೈಚೀಲವನ್ನು ನೆಲಕ್ಕೆ ಬಿಟ್ಟಳು.

“ಅಯ್ಯೋ ನಮ್ಮ ಡಾಕ್ಟ್ರೇ! ಮಳ್ಳನ ಹಾಗೆ ಕೂತಿದ್ದು ಒಳಗೊಳಗೇ ಇಷ್ಟೆಲ್ಲ ನಡೆಸಿದ್ರಾ?”

“ಯೊಂಗ್ಜು ಅಕ್ಕ, ಅದು ನಾನಲ್ಲ. ಸಿಯೋಲ್‌ನವರು.”

“ಸಿಯೋಲ್‌ನವ್ರಿಗೆ ಜೊಂಜುಗ್ಯಾಕೆ ಹೂ ಕಳಿಸ್ತಾರೆ? ನಾಚ್ಕೋಬೇಡಿ. ಪಕ್ಕಕ್ಕೆ ನಿಂತ್ಕೊಳ್ಳಿ. ಇನ್ನೂ ಪಕ್ಕಕ್ಕೆ. ಆ ಮುಖ ಸ್ವಲ್ಪ ಬಿಚ್ಚಿ.”

ಫೋಟೋ ತೆಗೆದಳು. ಆ ಫೋಟೋದಲ್ಲಿ ತೇಸಿಕ್, ಹೂಗೋಪುರವನ್ನು ಕದಿಯುವಾಗ ಸಿಕ್ಕಿಬಿದ್ದವನ ಹಾಗೆ ಕಾಣುತ್ತಿದ್ದ. ಇವನು ಬೇಡ ಎಂದು ಕೈಯೆತ್ತುವ ಮೊದಲೇ ಅದು ಆಸ್ಪತ್ರೆಯವರ ಗುಂಪಿಗೂ, ಅವಳ ಬೆಟ್ಟ ಹತ್ತುವ ಸಂಘದ ಗುಂಪಿಗೂ ಹೋಗಿಯಾಗಿತ್ತು. ಆ ಬೆಟ್ಟ ಹತ್ತುವ ಸಂಘದ ಅಧ್ಯಕ್ಷ ಯಾರು? ತೇಸಿಕ್‌ನ ಷಡ್ಡಕ, ಟೈರಿನ ಅಂಗಡಿಯ ಗುಕ್ ಜೊಂಗ್ಮನ್.

ಸಂಘದ ಕಚೇರಿಗೆ ಫೋನು ಮಾಡಿದ. ಲೈನು ಬಿಡುವಿರಲಿಲ್ಲ. ಮತ್ತೆ ಮಾಡಿದ. ಮತ್ತೂ ಬಿಡುವಿರಲಿಲ್ಲ. ಸದಸ್ಯರ ಗುಂಪು ತೆಗೆದು ನೋಡಿದ; ‘ಡಾ. ಯಾಂಗ್ ತೇಸಿಕ್ ಅವರಿಗೆ ಅಭಿನಂದನೆ’ ಎಂದು ಉದ್ದಕ್ಕೂ ಸಾಲು ಸಾಲು, ಯಾವ ಊರಿನ ಯಾಂಗ್ ತೇಸಿಕ್ ಎಂದು ಒಬ್ಬನೂ ಬರೆದಿರಲಿಲ್ಲ. ಕೊನೆಗೆ ಧೈರ್ಯ ಮಾಡಿ ಸಿಯೋಲ್‌ನ ಯಾಂಗ್ ಅವರ ಕೋಣೆಗೇ ಮಾಡಿದ.

“ಪ್ರೊಫೆಸರ್ ಇವತ್ತು ಯಾರ ಹತ್ರಾನೂ ಮಾತಾಡಲ್ಲ” ಎಂದಿತು ಒಂದು ಹೆಣ್ಣು ದನಿ. ಪಾಪ, ಅಭಿನಂದನೆ ಹೇಳುವವರ ಕಾಟ ಅಷ್ಟಿರಬೇಕು ಎಂದುಕೊಂಡ ತೇಸಿಕ್.

ಹೊತ್ತು ಏರಿದಂತೆ ಹೂವೂ ಏರಿತು. ಎರಡನೆಯ ಗೋಪುರ ಬಂತು, ಮೂರನೆಯದು ಬಂತು, ನಾಲ್ಕನೆಯದು ಬಂದಾಗ ನೆಲಮಾಳಿಗೆಯ ಓಣಿಯಲ್ಲಿ ಗಾಲಿಕುರ್ಚಿಗೂ ಜಾಗವಿಲ್ಲ. ರಕ್ತ ಪರೀಕ್ಷೆಗೆ ಬಂದ ಒಬ್ಬ ಮುದುಕ ಹೂವಿನ ಸಾಲು ನೋಡಿ, ತೇಸಿಕ್‌ನ ಎರಡೂ ಕೈ ಹಿಡಿದು, “ಮದುಮಗಳು ಎಲ್ಲಪ್ಪ?” ಎಂದು ಕೇಳಿದ. ಅವನ ಹಿಂದೆ ಬಂದ ಮುದುಕಿ ಇದು ಸಾವಿನ ಹೂವೆಂದು ತಿಳಿದು, “ತುಂಬ ವಯಸ್ಸಾಗಿತ್ತಾ?” ಎಂದು ಕಣ್ಣೊರೆಸಿಕೊಂಡಳು.

ಇಷ್ಟರಲ್ಲಿ ಮೇಲಿನ ಮಹಡಿಯಿಂದ ವಿಭಾಗದ ಮುಖ್ಯಸ್ಥ ಪ್ರೊಫೆಸರ್ ಮೇಂಗ್ ಖುದ್ದು ಇಳಿದು ಬಂದರು. ಅವರು ನೆಲಮಾಳಿಗೆಗೆ ಬಂದದ್ದು ಹಿಂದೆ ಒಮ್ಮೆ ಮಾತ್ರ, ಅದೂ ಲಿಫ್ಟು ತಪ್ಪಿ ಕೆಳಗಿಳಿದಾಗ.

“ಯಾಂಗ್! ನಮ್ಮ ಆಸ್ಪತ್ರೆ ಮಾನ ಎತ್ತಿ ಹಿಡಿದೆ ಕಣಯ್ಯ! ನಂಗೆ ಮೊದ್ಲೇ ಗೊತ್ತಿತ್ತು.”

“ಸಾರ್, ನಾನಲ್ಲ ಸಾರ್...”

“ಆಹಾ, ನೋಡಿದ್ಯಾ! ಇದೇ ವಿನಯ. ಈ ಗುಣಕ್ಕೇ ನಿನ್ನ ಆರಿಸಿರೋದು. ಅಂದ ಹಾಗೆ, ಒಬ್ಬ ಅಧ್ಯಕ್ಷ ಇಲ್ಲಿ ಹೆಗ್ಗಣದ ಹಾಗೆ ಕೂತಿರೋದು ಚೆನ್ನಾಗಿರಲ್ಲ. ಮೂರನೇ ಮಹಡಿಯಲ್ಲಿ ಕಿಟಕಿ ಇರೋ ಕೋಣೆ ಇದ್ಯಲ್ಲ, ಇವತ್ತೇ ಅಲ್ಲಿಗೆ ಬಂದ್ಬಿಡು.”

ಆ ಕಿಟಕಿಗಾಗಿ ತೇಸಿಕ್ ಎಷ್ಟೋ ವರ್ಷದಿಂದ ಅರ್ಜಿ ಹಾಕುತ್ತಲೇ ಇದ್ದ. ಅದರಿಂದ ದೂರದ ಬೆಟ್ಟ ಕಾಣುತ್ತದೆ, ವಸಂತದಲ್ಲಿ ಒಂದು ಚೆರಿ ಮರವೂ ಕಾಣುತ್ತದೆ. ಒಂದು ಕ್ಷಣ, ಒಂದೇ ಒಂದು ಕ್ಷಣ, ಸುಮ್ಮನಿದ್ದುಬಿಡೋಣ ಎನಿಸಿತು. ಆಮೇಲೆ ಆ ಗುಲಾಬಿ ನೆನಪಾಯಿತು. ಈ ಸಲ ಕಿತ್ತರೆ ಹೂವಲ್ಲ, ಕಿಟಕಿಯನ್ನೇ ಕೀಳುತ್ತಾರೆ.

“ಸಾರ್, ನಿಜವಾಗ್ಲೂ...” ಎನ್ನುವಷ್ಟರಲ್ಲಿ ಜೇಬಿನಲ್ಲಿ ಫೋನು ಕುಣಿಯಿತು. ಮಿಹ್ಯಾಂಗ್.

“ರೀ, ನೀವು ಅಮ್ಮನಿಗೆ ಏನು ಹೇಳಿದ್ರಿ?”

“ನಿಮ್ಮಮ್ಮನಿಗಾ? ನಾನೇನೂ ಹೇಳಿಲ್ಲ!”

“ಹಾಗಾದ್ರೆ ಬೇಗ ಪೇಟೆಗೆ ಹೋಗಿ. ಅಮ್ಮ ಓಣಿಗೆ ಅಡ್ಡವಾಗಿ ಬಟ್ಟೆ ಬ್ಯಾನರ್ ಕಟ್ಟಿದಾರೆ. ಸಂಜೆ ಇಡೀ ಓಣಿಗೆ ಪುಕ್ಕಟೆ ಊಟ ಅಂತೆ!”

ತೇಸಿಕ್‌ನ ಕಾಲಿನ ಕೆಳಗೆ ನೆಲಮಾಳಿಗೆಗಿಂತ ಕೆಳಗೆ ಇನ್ನೊಂದು ಮಾಳಿಗೆ ತೆರೆದಂತಾಯಿತು.

ಅವನ ಅತ್ತೆ ಪ್ಯೊ ಒಕ್ಸುನ್, ದಕ್ಷಿಣ ಪೇಟೆಯ ಓಣಿಯಲ್ಲಿ ಮೊಳಕೆಕಾಳಿನ ಸಾರನ್ನದ ಅಂಗಡಿ ನಡೆಸುವಾಕೆ. ಬೆಳಗಿನ ಜಾವ, ರಾತ್ರಿ ಕುಡಿದ ಅಮಲು ಇಳಿಸಿಕೊಳ್ಳಲು ಊರಿಗೆ ಊರೇ ಅಲ್ಲಿಗೆ ಬರುತ್ತಿತ್ತು. ಅವಳಿಗೆ ಇಬ್ಬರು ಅಳಿಯಂದಿರು. ದೊಡ್ಡ ಅಳಿಯ ಗುಕ್ ಬೆಟ್ಟ ಹತ್ತುವ ಸಂಘಕ್ಕೆ ಅಧ್ಯಕ್ಷ, ಹಳೆಯ ವಿದ್ಯಾರ್ಥಿಗಳಿಗೆ ಅಧ್ಯಕ್ಷ, ತನ್ನ ಅಪಾರ್ಟ್‌ಮೆಂಟಿಗೂ ಅಧ್ಯಕ್ಷ. ಅಂಗಡಿಗೆ ಬಂದರೆ ಅವನಿಗೆ ಎರಡು ಮೊಟ್ಟೆ. ಚಿಕ್ಕ ಅಳಿಯ ಯಾವುದಕ್ಕೂ ಏನೂ ಅಲ್ಲ, ಅವನಿಗೆ ಒಂದು. “ನಿಮ್ಮ ಚಿಕ್ಕಳಿಯ ಏನು ಮಾಡ್ತಾರೆ?” ಎಂದು ಯಾರಾದರೂ ಕೇಳಿದರೆ ಅತ್ತೆ, “ಏನೋ ಎಣಿಸ್ತಾನೆ” ಎಂದು ಹೇಳಿ ಮಾತು ತಿರುಗಿಸುತ್ತಿದ್ದಳು.

ತೇಸಿಕ್ ಓಡುತ್ತ ಓಣಿಯ ಬಾಯಿಗೆ ಬಂದಾಗ ಕೆಂಪು ಅಕ್ಷರದ ಬ್ಯಾನರ್ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು: ‘ಸಾರನ್ನದ ಪ್ಯೊ ಒಕ್ಸುನ್ ಅವರ ಅಳಿಯ ಡಾ. ಯಾಂಗ್ ತೇಸಿಕ್, ಇಡೀ ದೇಶದ ಜೀವಕೋಶಗಳ ಅಧ್ಯಕ್ಷ!’

“ಬಂದ್ರು ಬಂದ್ರು!” ಎಂದು ಒಣಮೀನಿನ ಅಂಗಡಿಯವಳು ಕೂಗಿದಳು. ಮೂಲಂಗಿ ಮಾರುವವನು ಬಗ್ಗಿ ನಮಸ್ಕರಿಸಿದ. “ಅಧ್ಯಕ್ಷರೇ, ನನ್ನ ಜೀವಕೋಶದ ಕಡೇನೂ ಸ್ವಲ್ಪ ಗಮನ ಇರ್ಲಿ, ಮಂಡಿ ನೋವು ತಡೆಯಕ್ಕಾಗ್ತಿಲ್ಲ.”

ಅತ್ತೆ ಸೌಟು ಹಿಡಿದೇ ಹೊರಬಂದಳು. ಮದುವೆಯಾದಂದಿನಿಂದ “ಏನಪ್ಪಾ ಯಾಂಗ್” ಎನ್ನುತ್ತಿದ್ದವಳು ಇಂದು ಓಣಿಯ ತುದಿಗೆ ಕೇಳುವಂತೆ, “ಅಳಿಯಂದಿರು ಬಂದ್ರಾ! ದಾರಿ ಬಿಡ್ರೋ, ನಮ್ಮ ಅಳಿಯಂದಿರಿಗೆ ದಾರಿ ಬಿಡಿ!” ಎಂದಳು. ಅವಳ ಮುಖ ಆವಿಯಲ್ಲಿ ಬೆಂದ ಕಡುಬಿನಂತೆ ಅರಳಿತ್ತು. ತುಟಿಗೆ ಬಣ್ಣ ಬೇರೆ ಹಚ್ಚಿದ್ದಳು.

“ಅತ್ತೇ, ಸ್ವಲ್ಪ ಒಳಗೆ ಬನ್ನಿ. ಅದು ನಾನಲ್ಲ. ನನ್ನ ಹೆಸರಿನವರು ಇನ್ನೊಬ್ಬರು ಇದಾರೆ, ಸಿಯೋಲ್‌ನಲ್ಲಿ.”

“ಗೊತ್ತು ಬಿಡಿ. ನಿಮ್ಮ ಆಸ್ಪತ್ರೆಯ ಯೊಂಗ್ಜು ಹೇಳಿದ್ಲು, ಬೆಳಿಗ್ಗೆಯಿಂದ ಹೀಗೇ ನಾಚ್ಕೋತಿದೀರಂತೆ.”

“ನಾಚಿಕೆ ಅಲ್ಲ ಅತ್ತೇ!”

“ದೊಡ್ಡವರೆಲ್ಲ ಹೀಗೇ ಕಣ್ರೇ” ಎಂದು ಅತ್ತೆ ಒಣಮೀನಿನವಳತ್ತ ತಿರುಗಿದಳು. “ತುಂಬಿದ ಕೊಡ ತುಳುಕಲ್ಲ. ನಮ್ಮ ದೊಡ್ಡಳಿಯ ನೋಡಿ, ಬೆಟ್ಟ ಹತ್ತೋ ಸಂಘಕ್ಕೇ ಅಷ್ಟು ಹಾರಾಡ್ತಾನೆ.”

ಆ ಮಾತು ಮುಗಿಯುವುದಕ್ಕೂ ದೊಡ್ಡಳಿಯ ಗುಕ್ ಜೊಂಗ್ಮನ್ ಓಣಿಗೆ ಕಾಲಿಡುವುದಕ್ಕೂ ಸರಿಹೋಯಿತು. ಬ್ಯಾನರನ್ನು ಓದಿ ಅವನ ಮುಖ, ತನ್ನದೇ ಅಂಗಡಿಯಲ್ಲಿ ಗಾಳಿ ಇಳಿದ ಟೈರಿನಂತಾಗಿತ್ತು.

“ಏನು ತಮ್ಮ, ಒಂದು ಮಾತೂ ಹೇಳದೆ ಅಧ್ಯಕ್ಷ ಆಗ್ಬಿಟ್ಯಂತೆ?”

“ಅಣ್ಣ, ದೇವರಾಣೆ ನಾನು ಆಗಿಲ್ಲ.”

“ಆಗಿಲ್ವಾ?” ಗುಕ್‌ನ ಕಣ್ಣು ಮಿನುಗಿತು. “ಖಂಡಿತ ಆಗಿಲ್ವಾ?”

“ಖಂಡಿತ ಇಲ್ಲ. ಆ ಯಾಂಗ್ ತೇಸಿಕ್ ಬೇರೆ.”

ಬೆಳಿಗ್ಗೆಯಿಂದ ಮೊದಲ ಬಾರಿಗೆ ಒಬ್ಬ ಮನುಷ್ಯ ಅವನ ಮಾತನ್ನು ನಂಬಿದ್ದ. ಅವನು ಷಡ್ಡಕನಾಗಿದ್ದು ಮಾತ್ರ ಗ್ರಹಚಾರ.

“ನೀನು ಸುಮ್ನಿರು, ನಾನು ನೋಡ್ಕೋತೀನಿ” ಎಂದು ಗುಕ್ ಅಂಗಡಿಯ ಮುಂದಿನ ಸ್ಟೂಲು ಹತ್ತಿ ನಿಂತ. ಮೂರು ಸಂಘಗಳ ಅಧ್ಯಕ್ಷ, ಭಾಷಣ ಅವನಿಗೆ ನೀರು ಕುಡಿದಷ್ಟು ಸಲೀಸು. ಫೋನಿನಲ್ಲಿ ‘ಯಾಂಗ್ ತೇಸಿಕ್’ ಎಂದು ಹುಡುಕಿ, ಬೆಳ್ಳಿಕೂದಲಿನ ಪ್ರೊಫೆಸರರ ಚಿತ್ರವನ್ನು ಎತ್ತಿ ಹಿಡಿದು ಓಣಿಗೆಲ್ಲ ತೋರಿಸಿದ. “ಬಂಧುಗಳೇ, ನೋಡಿ! ಅಧ್ಯಕ್ಷ ಅಂದ್ರೆ ಹೀಗಿರ್ತಾರೆ. ಈ ಕೂದಲು ನೋಡಿ, ಈ ಗತ್ತು ನೋಡಿ. ಈಗ ನಮ್ಮ ತಮ್ಮನ್ನ ನೋಡಿ.”

ಓಣಿ ತೇಸಿಕ್‌ನನ್ನು ನೋಡಿತು. ಓಡಿ ಬಂದ ರಭಸಕ್ಕೆ ಅಂಗಿ ಒಂದು ಕಡೆ ಹೊರಗೆ ಬಂದಿತ್ತು, ತಲೆಯ ಮೇಲೊಂದು ಚೆಂಡುಹೂವಿನ ಎಸಳು ಅಂಟಿತ್ತು. ಇನ್ನು ಸಾಕ್ಷಿ ಬೇಕಿರಲಿಲ್ಲ.

“ಹೌದಲ್ವೇ, ಇವ್ರನ್ನ ನಾನು ಟೀವಿಯಲ್ಲಿ ನೋಡಿದೀನಿ” ಎಂದಳು ಒಣಮೀನಿನವಳು. “ನಂಗೂ ಆಗ್ಲೇ ಅನುಮಾನ ಬಂದಿತ್ತು” ಎಂದ ಮೂಲಂಗಿಯವನು, ನಮಸ್ಕರಿಸಿದ್ದನ್ನು ವಾಪಸು ತೆಗೆದುಕೊಳ್ಳುವವನಂತೆ ನೆಟ್ಟಗೆ ನಿಂತು.

ತೇಸಿಕ್ ಒಮ್ಮೆಗೇ ಎಲ್ಲ ಮುಗಿಸಿಬಿಡೋಣವೆಂದು ಅಲ್ಲಿಂದಲೇ ಪ್ರೊಫೆಸರ್ ಮೇಂಗ್‌ಗೂ ಫೋನು ಮಾಡಿದ. ಸಿಯೋಲ್‌ನ ಯಾಂಗ್ ಎಂದು ಬಿಡಿಸಿ ಬಿಡಿಸಿ ಹೇಳಿದ.

“ಓ, ಹಾಗಾ? ನಂಗೆ ಮೊದ್ಲೇ ಗೊತ್ತಿತ್ತು” ಎಂದರು ಮೇಂಗ್. “ಮತ್ತೆ ಆ ಕಿಟಕಿ ವಿಷಯ... ಮುಂದೆ ಯಾವತ್ತಾದ್ರೂ ನೋಡೋಣ.”

ಅಲ್ಲಿಗೆ ಅವನ ಮಾನ ಉಳಿಯಿತು, ಉಳಿದದ್ದೆಲ್ಲ ಹೋಯಿತು. ಅತ್ತೆ ಸೌಟನ್ನು ಒಳಗಿಟ್ಟು, ಅದೇ ಸ್ಟೂಲು ಹತ್ತಿ, ಯಾರ ಸಹಾಯವನ್ನೂ ಕೇಳದೆ ಬ್ಯಾನರಿನ ಗಂಟು ಬಿಚ್ಚಿದಳು. ಗಂಟು ಬಿಗಿಯಾಗಿತ್ತು, ಬೆಳಿಗ್ಗೆ ಅವಳೇ ಬಿಗಿದದ್ದು. ತೇಸಿಕ್ ಇನ್ನೊಂದು ತುದಿ ಬಿಚ್ಚಲು ಹೋದ.

“ತಪ್ಪಾಯ್ತು ಅತ್ತೇ.”

“ನಿಂದೇನಪ್ಪ ತಪ್ಪು? ನೀನು ಬೆಳಿಗ್ಗೆಯಿಂದ ಬಡ್ಕೋತಾನೇ ಇದ್ದೆ.” ಅವಳು ಬಟ್ಟೆಯನ್ನು ಮಡಿಸಿ, ಚಳಿಗಾಳಿ ಬಡಿಯದ ಹಾಗೆ ಮೊಳಕೆಯ ಬುಟ್ಟಿಗಳ ಮೇಲೆ ಹೊದಿಸಿದಳು. ತುಟಿಯ ಬಣ್ಣವನ್ನು ಸೆರಗಿನಂಥ ಏಪ್ರನ್ನಿನ ತುದಿಯಲ್ಲಿ ಒರೆಸಿಕೊಂಡಳು. ಆಮೇಲೆ ಓಣಿಯತ್ತ ತಿರುಗಿ ಗದರಿದಳು. “ಏನು ನೋಡ್ತಾ ನಿಂತಿದೀರಿ? ಸಾರು ಕುದೀತಿದೆ. ಒಳಗೆ ಬಂದು ತಿಂದ್ಕೊಂಡು ಹೋಗಿ. ಅಧ್ಯಕ್ಷ ಅಲ್ಲದಿದ್ರೂ ಅಳಿಯ ಅಳಿಯಾನೇ.”

ಎಲ್ಲರೂ ಕೂತರು. ಮಿಹ್ಯಾಂಗ್ ಕೂಡ ಬಂದಳು. ತೇಸಿಕ್‌ನ ಬಟ್ಟಲಿನಲ್ಲಿ ಅತ್ತೆ ಎರಡು ಮೊಟ್ಟೆ ಒಡೆದು ಹಾಕಿ ಹೋದಳು. ಗುಕ್ ಅದನ್ನು ನೋಡಿ ಕೆಮ್ಮಿದ. ತೇಸಿಕ್, ಸಾರಿನಲ್ಲಿ ಮೆಣಸಿನಪುಡಿ ಜಾಸ್ತಿ ಎಂದು ನೆಪ ಹೇಳಿ ಕಣ್ಣೊರೆಸಿಕೊಂಡ.

ಆಗ ಫೋನು ಬಂತು. ಸಂಘದ ಕಾರ್ಯದರ್ಶಿ.

“ಅಬ್ಬಾ, ಸಿಕ್ಕಿದ್ರಲ್ಲ ಅಧ್ಯಕ್ಷರೇ! ಬೆಳಿಗ್ಗೆಯಿಂದ ನಿಮಗೇ ಮಾಡ್ತಿದೀನಿ, ನಿಮ್ಮ ಲೈನು ಬಿಡುವೇ ಇಲ್ಲ.”

“ನಾನೂ ನಿಮಗೇ ಮಾಡ್ತಿದ್ದೆ. ನೋಡಿ, ನಾನು ಆ ಯಾಂಗ್ ಅಲ್ಲ, ಜೊಂಜು ಯಾಂಗ್.”

“ಗೊತ್ತು. ಜೊಂಜು ಯಾಂಗೇ ಬೇಕಾಗಿರೋದು. ನೀವೇ ಅಧ್ಯಕ್ಷರು.”

ತೇಸಿಕ್‌ನ ಚಮಚ ಸಾರಿಗೆ ಬಿತ್ತು.

ಕಾರ್ಯದರ್ಶಿ ಒಂದೇ ಉಸಿರಿಗೆ ಹೇಳಿದ. ನಿನ್ನೆ ಸಿಯೋಲ್‌ನವರಿಗೂ ಬುಸಾನ್‌ನವರಿಗೂ ಎಷ್ಟು ಸಲ ಮತ ಹಾಕಿದರೂ ಸಮಸಮ ಬಂತು. ಮಾತಿಗೆ ಮಾತು ಬೆಳೆದು, ದೊಡ್ಡ ಯಾಂಗ್ ಮತ್ತು ಬೊಕ್ ಒಬ್ಬರ ಮೇಲೊಬ್ಬರು ಕಿತ್ತಳೆ ಸಿಪ್ಪೆ ಎಸೆಯುವವರೆಗೆ ಹೋಯಿತು. ಕೊನೆಗೆ ಹಿರಿಯರು, ಎರಡೂ ಕಡೆಯವರ ಜೊತೆ ಒಮ್ಮೆಯೂ ಜಗಳವಾಡದ ಒಬ್ಬನನ್ನು ಹುಡುಕಿ ಎಂದರು. ಇಡೀ ಸಂಘದಲ್ಲಿ ಅಂಥವನು ಒಬ್ಬನೇ ಸಿಕ್ಕಿದ.

“ನೀವು ಸಭೆಗೆ ಬರೋದೇ ಇಲ್ವಲ್ಲ, ಜಗಳ ಹೇಗೆ ಆಡ್ತೀರಿ? ಅಷ್ಟೇ ಅಲ್ಲ, ಸಿಯೋಲ್‌ನವರು ಗೆದ್ದೇ ಗೆಲ್ತೀವಿ ಅಂತ ನಾಮಫಲಕ ಮೊದ್ಲೇ ಮಾಡಿಸಿಟ್ಟಿದ್ರು, ‘ಅಧ್ಯಕ್ಷ ಯಾಂಗ್ ತೇಸಿಕ್’ ಅಂತ. ಅದೂ ದಂಡ ಆಗ್ಲಿಲ್ಲ. ಎಲ್ಲರೂ ಒಪ್ಕೊಂಡ್ರು. ಅಭಿನಂದನೆ! ಇನ್ನು ಆ ಇಬ್ಬರನ್ನ ರಾಜಿ ಮಾಡಿಸೋದು ನಿಮ್ಮ ಜವಾಬ್ದಾರಿ. ಇಬ್ಬರಿಗೂ ನಿಮ್ಮ ನಂಬರ್ ಕೊಟ್ಟಿದೀನಿ.” ಫೋನು ಇಟ್ಟೇಬಿಟ್ಟ.

ತೇಸಿಕ್ ಎದ್ದು ನಿಂತ. “ಅತ್ತೇ! ಮಿಹ್ಯಾಂಗ್! ನಾನೇ ಅಂತೆ! ಅಧ್ಯಕ್ಷ ನಾನೇ ಅಂತೆ!”

ಮೂಲಂಗಿಯವನು ಸಾರು ನೆತ್ತಿಗೇರುವಷ್ಟು ನಕ್ಕ. ಗುಕ್ ಎದ್ದು ಬಂದು ಅವನ ಹೆಗಲ ಮೇಲೆ ಕೈಯಿಟ್ಟ. “ತಮ್ಮ, ಕೂತ್ಕೋ. ಮನಸ್ಸಿಗೆ ಹಚ್ಕೋಬೇಡ. ಬೇಕಾದ್ರೆ ನಮ್ಮ ಬೆಟ್ಟ ಹತ್ತೋ ಸಂಘದಲ್ಲಿ ಉಪಾಧ್ಯಕ್ಷನ ಜಾಗ ಖಾಲಿ ಇದೆ.”

“ಅಣ್ಣ, ಈ ಸಲ ನಿಜ!”

“ರೀ, ಸಾಕು” ಎಂದು ಮಿಹ್ಯಾಂಗ್ ತೋಳು ಹಿಡಿದು ಮೆಲ್ಲಗೆ ಕೂರಿಸಿದಳು. “ಬೆಳಿಗ್ಗೆಯಿಂದ ಏನೂ ತಿಂದಿಲ್ಲ ನೀವು. ಮೊದ್ಲು ಊಟ ಮಾಡಿ.”

“ಹೌದಪ್ಪ, ಆಯ್ತು, ನೀನೇ ಅಧ್ಯಕ್ಷ” ಎಂದಳು ಅತ್ತೆ, ಜ್ವರ ಬಂದ ಮಗುವಿಗೆ ಹೇಳುವಂತೆ. ಅವನ ಮನಸ್ಸು ಬೇರೆ ಕಡೆ ತಿರುಗಲಿ ಎಂದು ಬುಟ್ಟಿ ತುಂಬ ಮೊಳಕೆಕಾಳು ತಂದು ಮುಂದಿಟ್ಟಳು. “ತಿಂದಾದ ಮೇಲೆ ಇದರ ಬೇರಿನ ಬಾಲ ಕಿತ್ತು ಕೊಡು. ಎಣಿಸೋ ಕೈ, ಚೆನ್ನಾಗಿ ಕೀಳುತ್ತೆ.”

ತೇಸಿಕ್ ಬಾಯಿ ತೆರೆಯುವಷ್ಟರಲ್ಲಿ ಫೋನು ಮತ್ತೆ ಬಂತು. ಕಿವಿಗಿಟ್ಟ. ಸಿಯೋಲ್‌ನಿಂದ ಗುಡುಗು ಹೊರಟಿತು: ಬೊಕ್ ಕ್ಷಮೆ ಕೇಳದೆ ತಾನು ಸಭೆಗೆ ಕಾಲಿಡುವುದಿಲ್ಲ, ನೀನೆಂಥ ಅಧ್ಯಕ್ಷ, ಇನ್ನೂ ಏನು ಮಾಡುತ್ತಿದ್ದೀಯ? ಅದು ನಿಲ್ಲುವ ಮೊದಲೇ ಬುಸಾನ್‌ನ ಬೊಕ್ ಇನ್ನೊಂದು ಕರೆಯಲ್ಲಿ ಕಾಯುತ್ತಿದ್ದರು. ಅವರ ದನಿ ಗುಡುಗಲ್ಲ, ಸಿಡಿಲು.

ತೇಸಿಕ್ ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, ಕೈ ಸುಮ್ಮನಿರಲಾರದೆ ಮೊಳಕೆಯ ಬಾಲ ಕೀಳುತ್ತ, ಕೂತಲ್ಲೇ ಬಗ್ಗಿ ಬಗ್ಗಿ ಹೇಳತೊಡಗಿದ. “ಹೌದು ಪ್ರೊಫೆಸರ್... ತಪ್ಪು ನಂದೇ ಪ್ರೊಫೆಸರ್... ಇಲ್ಲ ಪ್ರೊಫೆಸರ್, ನಾನು ಹಾಗಂದಿಲ್ಲ ಪ್ರೊಫೆಸರ್... ಕ್ಷಮಿಸ್ಬೇಕು ಪ್ರೊಫೆಸರ್...”

ಅತ್ತೆ ಒಣಮೀನಿನವಳ ಬಟ್ಟಲಿಗೆ ಇನ್ನೊಂದು ಸೌಟು ಸಾರು ಬಿಟ್ಟು, ಅಳಿಯನತ್ತ ಕಣ್ಣು ತೋರಿಸಿ, ಪಾಪ ಎನ್ನುವಂತೆ ಪಿಸುಗುಟ್ಟಿದಳು.

“ನೀವೇ ಹೇಳಿ, ಅಧ್ಯಕ್ಷರಾದವರು ಎಲ್ಲಾದ್ರೂ ಹೀಗೆ ಮಾತಾಡ್ತಾರಾ?”